ಸುಟ್ಟು ವಾರವಾದ ಮೇಲೆ ಹಣತೆಯಿಂದ ಚಕ್ಕೆ ಏಳುತ್ತಿದೆ, ಬುಡದಲ್ಲಿ ಬಿಳಿ ಚುಕ್ಕೆ. ಏನಿರಬಹುದು?

ಕುಮಟಾದವಳು:
ಅಘನಾಶಿನಿ ಅಳಿವೆ ಪಕ್ಕದ ಗಜನಿ (ಉಪ್ಪುನೀರು ನುಗ್ಗುವ) ಗದ್ದೆಯ ಅಂಚಿಂದ ಜೇಡಿಮಣ್ಣು ತಂದು ಒಂದಷ್ಟು ಹಣತೆ, ಜೊತೆಗೆ ಯಕ್ಷಗಾನ ವೇಷದ ಒಂದು ಮುಖ ಮಾಡಿದ್ದೆ. ಉಪ್ಪು ಹೋಗಲಿ ಅಂತ ಮಣ್ಣನ್ನು ನೀರಲ್ಲಿ ಕದಡಿ, ತಿಳಿ ನೀರು ಚೆಲ್ಲಿ, ಮತ್ತೆ ನೀರು ಹಾಕಿ ತೊಳೆದಿದ್ದೆ. ಮುಖದ ಹಿಂದೆ ಟೊಳ್ಳು ಮಾಡಿದ್ದೇನೆ, ದಪ್ಪ ಬೆರಳಿನಷ್ಟು. ನೆರಳಲ್ಲಿ ಒಣಗಿಸಿ ಗೆಳತಿಯ ಕರೆಂಟ್ ಕಿಲ್ನ್‌ನಲ್ಲಿ (ಮಣ್ಣು ಸುಡುವ ಗೂಡು) 950 ಡಿಗ್ರಿಗೆ ಸುಟ್ಟೆವು. ತೆಗೆದಾಗ ಒಂದು ಬಿರುಕೂ ಇರಲಿಲ್ಲ. ಈಗ ವಾರದ ಮೇಲೆ ಉಗುರಗಲದ ಚಕ್ಕೆಗಳು ತಾವಾಗಿಯೇ ಎದ್ದು ಬೀಳುತ್ತಿವೆ, ಪ್ರತಿ ಕುಳಿಯಲ್ಲೂ ಒಂದು ಬಿಳಿ ಚುಕ್ಕೆ. ಮುಖದ ಮೂಗಿನ ಮೇಲೇ ಒಂದು ಎದ್ದಿದೆ, ಹೊಟ್ಟೆ ಉರಿಯುತ್ತಿದೆ. ಇನ್ನೊಂದು ಪ್ರಶ್ನೆ: ಒಣಗುವಾಗಲೇ ಮುಖಕ್ಕೆ ಅಂಟಿಸಿದ ಒಂದು ಕಿವಿ ಬಿಟ್ಟುಕೊಂಡಿತು, ಅದು ಯಾಕೆ?

ತಿಗರಿ:
ಮಣ್ಣನ್ನು ಸರಿಯಾಗಿ ನಾದಿಲ್ಲ, ಒಳಗೆ ಗಾಳಿ ಉಳಿದಿದೆ ಅನಿಸುತ್ತದೆ.

ಶಿರಸಿ ಮಣ್ಣು:
ಗಾಳಿ ಅಲ್ಲ. ಸುಡುವಾಗ ಒಡೆಯುವುದು ಹೆಚ್ಚಾಗಿ ಮಣ್ಣಲ್ಲಿ ಉಳಿದ ನೀರು 100 ಡಿಗ್ರಿ ದಾಟುವಾಗ ಹಬೆಯಾಗಿ ಹೊರಬರಲು ದಾರಿ ಸಿಗದೆ ಹೋದರೆ. ಅದು ಕಿಲ್ನ್ ಒಳಗೇ ಆಗಿ ಮುಗಿದಿರುತ್ತದೆ. ವಾರ ಬಿಟ್ಟು ಚಕ್ಕೆ ಎದ್ದು ಬುಡದಲ್ಲಿ ಬಿಳಿ ಕಂಡರೆ ಅದು ಸುಣ್ಣ. ಅಳಿವೆ ಮಣ್ಣಲ್ಲಿ ಚಿಪ್ಪಿನ ಚೂರು ಇದ್ದೇ ಇರುತ್ತದೆ. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟೇ ಸುಣ್ಣ ಮಾಡುತ್ತಿದ್ದರಲ್ವಾ? ನಿಮ್ಮ ಕಿಲ್ನ್ ಒಳಗೂ ಅದೇ ಆಗಿದೆ. 800 ದಾಟಿ 900ರ ಹತ್ತಿರ ಬರುವಷ್ಟರಲ್ಲಿ ಚೂರು ಸುಟ್ಟ ಸುಣ್ಣವಾಗುತ್ತದೆ, ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ ಮೇಲಿನ ಪದರವನ್ನು ತಳ್ಳುತ್ತದೆ. ಮಳೆಗಾಲದಲ್ಲಂತೂ ಬೇಗ.

ಖಾತ್ರಿ ಮಾಡಿಕೊಳ್ಳಲು ಸುಡದ ಒಣ ಮಣ್ಣಿನ ಮೇಲೆ ವಿನೆಗರ್ ಹಾಕಿ ನೋಡಿ, ನೊರೆ ಬಂದರೆ ಸುಣ್ಣ ಇದೆ.

ತಿಳಿ ನೀರು ಚೆಲ್ಲಿದರೆ ಉಪ್ಪು ಹೋಗುತ್ತದೆ, ಚಿಪ್ಪು ಬುಡದಲ್ಲೇ ಉಳಿಯುತ್ತದೆ. ಮಣ್ಣನ್ನು ತೆಳ್ಳಗೆ ಕದಡಿ ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ಮಣ್ಣುನೀರನ್ನೇ ಬೇರೆ ಬಕೆಟ್‌ಗೆ ಬಗ್ಗಿಸಿ. ಬುಡದ ಮರಳು, ಚಿಪ್ಪು ಬಿಟ್ಟುಬಿಡಿ. ಬಗ್ಗಿಸಿದ್ದನ್ನು 60 ಮೆಶ್ (ಇಂಚಿಗೆ 60 ಕಣ್ಣಿನ) ಜರಡಿಯಲ್ಲಿ ಸೋಸಿ. ಅದರಲ್ಲೂ ಇಳಿಯುವಷ್ಟು ಸಣ್ಣ ಪುಡಿ ಸಾಮಾನ್ಯವಾಗಿ ಚಕ್ಕೆ ಎಬ್ಬಿಸುವುದಿಲ್ಲ. ಆಮೇಲೆ ಹಳೆ ಪಂಚೆಯಲ್ಲಿ ಕಟ್ಟಿ ತೂಗುಹಾಕಿದರೆ ನೀರು ಇಳಿಯುತ್ತದೆ.

ಕಿವಿ ವಿಷಯ: ಎರಡೂ ಭಾಗ ಒಂದೇ ಹದದಲ್ಲಿರಬೇಕು, ಅಂದರೆ ಒತ್ತಿದರೆ ಬಗ್ಗದ, ಆದರೆ ಚಾಕು ಆಡುವ ತೇವ. ಎರಡೂ ಕಡೆ ಗೀರು ಹಾಕಿ, ಅದೇ ಮಣ್ಣಿನ ಗಟ್ಟಿ ಸ್ಲಿಪ್ (ನೀರಲ್ಲಿ ಕಲಸಿದ ಮಣ್ಣಿನ ಲೇಪ) ಹಚ್ಚಿ ಒತ್ತಿ. ಕಿವಿ ತೆಳ್ಳಗಿದ್ದು ಬೇಗ ಒಣಗುತ್ತದೆ, ಅದಕ್ಕೆ ಮಾತ್ರ ಪ್ಲಾಸ್ಟಿಕ್ ಸುತ್ತಿಡಿ.

ಕುಮಟಾದವಳು:
ವಿನೆಗರ್ ಹಾಕಿದೆ, ಬುಸ್ಸೆಂದು ನೊರೆ ಬಂತು! ಈಗಾಗಲೇ ಸುಟ್ಟ ಮುಖ ಉಳಿಯುತ್ತದಾ? ಹಾಳಾದ ಹಣತೆ ಪುಡಿ ಮಾಡಿ ಗ್ರಾಗ್ (ಮಣ್ಣಿಗೆ ಬೆರೆಸುವ ಸುಟ್ಟ ಮಣ್ಣಿನ ಪುಡಿ) ಥರ ಹೊಸ ಮಣ್ಣಿಗೆ ಸೇರಿಸಬಹುದಾ?

ಶಿರಸಿ ಮಣ್ಣು:
ಆ ಪುಡಿ ಬೇಡವೇ ಬೇಡ. ಮತ್ತೆ ಸುಟ್ಟರೆ ಅದರೊಳಗಿನ ಸುಣ್ಣ ಮತ್ತೆ ಸುಟ್ಟ ಸುಣ್ಣವಾಗಿ ಅದೇ ಕಾಟ. ಗ್ರಾಗ್ ಬೇಕಾದರೆ ಸುಣ್ಣ ಇಲ್ಲದ ಮಣ್ಣಿನ ಹಳೆ ಹೆಂಚು ಕುಟ್ಟಿ ಜರಡಿ ಹಿಡಿಯಿರಿ. ಮುಖವನ್ನು ಎಸೆಯಬೇಡಿ ಅಕ್ಕಾ. ತೇವದ ಗಾಳಿಗೆ ಬಿಡಿ, ಏಳುವುದೆಲ್ಲ ಎದ್ದು ಮುಗಿಯಲಿ, ಆಮೇಲೆ ಬಿಳಿ ಚುಕ್ಕೆ ಕೆರೆದು ಕುಳಿ ತುಂಬಿ ಬಣ್ಣ ಹಚ್ಚಬಹುದು.

ಕಾರವಾರ ಕಡಲು:
ಇಟ್ಟಿಗೆಯವರು ಮಾಡುವುದು ಒಂದಿದೆ. ಸುಟ್ಟದ್ದು ಕೈಗೆ ತಾಳುವಷ್ಟು ಬೆಚ್ಚಗಿರುವಾಗಲೇ ಪೂರ್ತಿ ನೀರಲ್ಲಿ ಮುಳುಗಿಸಿ ರಾತ್ರಿಯಿಡೀ ಬಿಡುವುದು. ಸುಣ್ಣ ಒಮ್ಮೆಲೇ ನೆನೆದು ಮೆತ್ತಗಾಗುತ್ತದೆ, ಚಕ್ಕೆ ಏಳುವುದು ಕಡಿಮೆ. ದೊಡ್ಡ ಚೂರಿದ್ದರೆ ಇದು ಸಾಲದು, ಹಾಗಾಗಿ ಜರಡಿ ತಪ್ಪಿಸಬೇಡಿ.

ಕುಮಟಾದವಳು:
ಸೋಸಿದ ಮಣ್ಣು ಸರಿಯಾಗಿದೆ ಅಂತ ಇಡೀ ಮುಖ ಮಾಡುವ ಮೊದಲೇ ಗೊತ್ತಾಗಲು ದಾರಿ ಇದೆಯಾ? ವಾರಗಟ್ಟಲೆ ಕಾಯಲು ಮನಸ್ಸಿಲ್ಲ.

ಶಿರಸಿ ಮಣ್ಣು:
ಇದೆ. ಅದೇ ಮಣ್ಣಿನ ಸಣ್ಣ ಬಿಲ್ಲೆಗಳನ್ನು 950ಕ್ಕೇ ಸುಟ್ಟು, ಹಳೆ ಇಡ್ಲಿ ಪಾತ್ರೆಯಲ್ಲಿ ಕೆಲವು ಗಂಟೆ ಹಬೆಗೆ ಇಡಿ. ನೀರು ಆರದಂತೆ ನೋಡಿಕೊಳ್ಳಿ. ಸುಣ್ಣದ ಚೂರು ಉಳಿದಿದ್ದರೆ ಹಬೆಗೆ ಬೇಗ ಉಬ್ಬುತ್ತದೆ. ಬಿಲ್ಲೆ ಹಾಗೇ ಉಳಿದರೆ ಮುಖಕ್ಕೆ ಕೈ ಹಾಕಿ, ಒಂದಾದರೂ ಚಕ್ಕೆ ಎದ್ದರೆ ಇನ್ನೂ ಸಣ್ಣ ಜರಡಿ ಹಿಡಿಯಿರಿ.