ಅಪ್‌ಡೇಟ್: ಸೌದೆ ರಾಶಿಯ ನಾಗರಹಾವು ಸುರಕ್ಷಿತವಾಗಿ ಹೋಯಿತು

ಹಿತ್ತಲ ಸೌದೆ ರಾಶಿಯಲ್ಲಿ ನಾಗರಹಾವು ಸೇರಿಕೊಂಡಿದೆ, ಕೊಲ್ಲದೆ ಸಾಗಿಸುವುದು ಹೇಗೆ ಎಂದು ಮೊನ್ನೆ ಕೇಳಿದ್ದೆ. ನೀವು ಹೇಳಿದಂತೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿದೆ. ಸಂಜೆಯೊಳಗೆ ಉರಗ ರಕ್ಷಕರೊಬ್ಬರು ಬಂದರು. ಅಲ್ಲಿಯವರೆಗೂ ಅಮ್ಮ ದೂರ ನಿಂತು ರಾಶಿಯ ಮೇಲೇ ಕಣ್ಣಿಟ್ಟಿದ್ದರು.

ಹಾವನ್ನು ಆ ರಕ್ಷಕರು ಕೈಯಲ್ಲಿ ಮುಟ್ಟಲೇ ಇಲ್ಲ. ಚೀಲದ ಬಾಯಿಗೆ ಪೈಪ್ ಕಟ್ಟಿ ನೆಲಕ್ಕಿಟ್ಟು, ಕೊಕ್ಕೆಯಿಂದ ಮೆಲ್ಲಗೆ ದಾರಿ ತೋರಿಸಿದರು. ಕತ್ತಲ ಬಿಲ ಕಂಡಂತಾಗಿ ಅದು ತಾನೇ ಒಳಗೆ ಹರಿದುಹೋಯಿತು. ನೋಡುತ್ತಾ ನನಗೆ ಕಣ್ಣು ತುಂಬಿ ಬಂತು.

ದೂರದ ಕಾಡಿಗೆ ಬಿಡಿ ಎಂದೆ. ಬೇಡ ಎಂದರು: ಗುರುತಿಲ್ಲದ ಜಾಗದಲ್ಲಿ ಬಿಲ, ನೀರು, ಬೇಟೆ ಹುಡುಕಿಕೊಂಡು ಬದುಕುವುದೇ ಅದಕ್ಕೆ ಕಷ್ಟವಂತೆ. ಹತ್ತಿರದ ಕೆರೆಯಂಚಿನ ಪೊದೆಯಲ್ಲೇ ಬಿಟ್ಟರು.

ಅದು ಬಂದಿದ್ದು ಇಲಿಗಾಗಿ. ಕೋಳಿಗಳ ಕಾಳು ಈಗ ಮುಚ್ಚಿದ ಡಬ್ಬಿಯಲ್ಲಿದೆ. ಸೌದೆಯನ್ನು ಮನೆಯಿಂದ ದೂರ, ನೆಲ ಬಿಟ್ಟು ಎತ್ತರಕ್ಕೆ ಜೋಡಿಸುತ್ತಿದ್ದೇವೆ.