10 ವರ್ಷದ ಮಗಳು, ಒಂದು ಲ್ಯಾಪ್‌ಟಾಪ್, ಇಡೀ ರವಿವಾರ: ಏನ್ ಮಾಡಿಸೋದು?

ಪ್ರಶ್ನೆ: ಊರು ಮುನಿರಾಬಾದ್. ಮಗಳಿಗೆ ಕಂಪ್ಯೂಟರ್ ಅಂದ್ರೆ ಪ್ರಾಣ. ಬರೀ ವಿಡಿಯೊ ನೋಡೋದು ಬ್ಯಾಡ, ಕೈಯಾರೆ ಏನಾರ ಕಟ್ಟಬೇಕು. ನೆಟ್ ಸರಿ ಇಲ್ಲ. ಏನ್ ಕೊಡಲಿ?

ಉತ್ತರ 1: ಸ್ಕ್ರ್ಯಾಚ್ ಆ್ಯಪ್ (ಬಣ್ಣದ ಬ್ಲಾಕ್ ಜೋಡಿಸಿ ಆಟ, ಚಿತ್ರ ಕಟ್ಟೋದು) ಶನಿವಾರ ರಾತ್ರಿನೇ ಇಳಿಸಿಡ್ರಿ, ಆಮೇಲೆ ನೆಟ್ ಬೇಕಾಗಲ್ಲ. ಮನಿ ಮುಂದೇ ತುಂಗಭದ್ರಾ ಡ್ಯಾಂ ಐತಿ, ಅದನ್ನೇ ಆಟ ಮಾಡಿಸ್ರಿ. ‘ನೀರು’, ‘ಗೇಟ್’ ಅಂತ ಎರಡು ವೇರಿಯಬಲ್, ಅಂದ್ರೆ ಅಂಕಿ ಇಟ್ಟುಕೊಳ್ಳೋ ಡಬ್ಬಿ. ನೀರು 1625 ಅಡಿಯಿಂದ ಶುರು, ಗೇಟ್ 0ಯಿಂದ. ‘ಫಾರೆವರ್’ (ಒಳಗಿದ್ದದ್ದನ್ನ ಮತ್ತೆ ಮತ್ತೆ ನಡೆಸೋ ಬ್ಲಾಕ್) ಒಳಗೆ ನೀರಿಗೆ 1 − (ಗೇಟ್ × 0.1) ಕೂಡಿಸಬೇಕು. ಮೇಲಿನ ಬಾಣ ಒತ್ತಿದ್ರೆ ಒಂದು ಗೇಟ್ ತೆರಿಬೇಕು, ಕೆಳಗಿನದು ಒತ್ತಿದ್ರೆ ಮುಚ್ಚಬೇಕು. ತುಂಗಭದ್ರೆಗೆ ಇರೋದು 33 ಗೇಟ್, ಅದನ್ನ ದಾಟಬಾರದು. ಪೂರ್ಣಮಟ್ಟ 1633 ಅಡಿ. ಮೀರಿದ್ರೆ ಆಟ ಮುಗೀತು.

ಎಡವೋದು ಎರಡು ಕಡೆ. ಫಾರೆವರ್ ಒಳಗೆ ‘ವೇಟ್ 1 ಸೆಕೆಂಡ್’ ಮರೆತ್ರೆ ಅದು ತಡೆಯಿಲ್ಲದೆ ಭರಭರ ತಿರುಗಿ, ಕಣ್ಣು ಮಿಟುಕಿಸೋದ್ರಾಗ ಡ್ಯಾಂ ತುಂಬತೈತಿ. ಆಟ ಶುರು ಮಾಡೋ ಹಸಿರು ಬಾವುಟದ ಬ್ಲಾಕ್ ಕೆಳಗೆ ಶುರುವಿನ ಅಂಕಿ ಹಾಕದಿದ್ರೆ ಹಳೇ ಮಟ್ಟನೇ ಉಳಿತೈತಿ. ತಪ್ಪು ಅವಳೇ ಹುಡುಕಲಿ, ಕಲಿಯೋದು ಅಲ್ಲೇ.

ಉತ್ತರ 2: ಮಧ್ಯಾಹ್ನಕ್ಕೆ ಮಣ್ಣಿನ ಗೊಂಬೆ ಸಿನಿಮಾ. ಸ್ಕ್ರ್ಯಾಚ್‌ನ ಕಾಸ್ಟ್ಯೂಮ್ (ಚಿತ್ರಗಳ) ಪುಟದಾಗ ಕ್ಯಾಮೆರಾ ಗುಂಡಿ ಐತಿ. ಗೊಂಬೆ ಒಂದು ಬೆರಳಷ್ಟೂ ಬ್ಯಾಡ, ಸಲಕ್ಕೆ ಅರ್ಧ ಬೆರಳು ಸರಿಸಿ ಒಂದೊಂದರಂತೆ 24 ಫೋಟೊ. ಆಮೇಲೆ ಫಾರೆವರ್ ಒಳಗೆ ‘ನೆಕ್ಸ್ಟ್ ಕಾಸ್ಟ್ಯೂಮ್’, ‘ವೇಟ್ 0.1’ ಹಾಕಿದ್ರೆ ಗೊಂಬೆ ಓಡಾಡತೈತಿ. ಕಿಟಕಿ ಬೆಳಕು ಬದಲಾದ್ರೆ ಚಿತ್ರ ಮಿನುಗತೈತಿ, ಪರದೆ ಎಳೆದು ಬಲ್ಬ್ ಹಚ್ಚಿರಿ.

ಉತ್ತರ 3: ನಮ್ಮ ಕಡಿ ಬಿಸಿಲಿಗೆ ಲ್ಯಾಪ್‌ಟಾಪ್ ಹಾಸಿಗಿ ಮ್ಯಾಲೆ ಇಡಬ್ಯಾಡ್ರಿ. ಗಾಳಿ ಕಿಂಡಿ ಮುಚ್ಚಿ ಬಿಸಿಯಾಗಿ ನಿಧಾನ ಆಗತೈತಿ.