ಕುಂಬಳೆ ತೀರದ ಚಿಪ್ಪುಗಳನ್ನು ಗುರುತಿಸಿ ದಾಖಲಿಸುವುದು ಹೇಗೆ?

ಪ್ರಶ್ನೆ: ಕುಂಬಳೆ ಸಮೀಪದ ಒಬ್ಬ ಅಧ್ಯಾಪಕಿ

ನಾನು ಇಲ್ಲಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಎರಡು ವರ್ಷಗಳಿಂದ, ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ, ಮಕ್ಕಳೊಂದಿಗೆ ಶಿರಿಯ ಅಳಿವೆಯಿಂದ ಕೊಯಿಪಾಡಿಯವರೆಗೆ ನಡೆದು ಜೀವವಿಲ್ಲದ ಚಿಪ್ಪುಗಳನ್ನು ಹೆಕ್ಕಿ ತಂದಿದ್ದೇವೆ. ಅವೆಲ್ಲ ಈಗ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಕೊಂಡಿವೆ; ಒಂದರ ಮೇಲೆ ‘ಶಂಖ’, ಇನ್ನೊಂದರ ಮೇಲೆ ‘ಕಪ್ಪೆಚಿಪ್ಪು’ ಎಂದು ಬರೆದಿರುವುದನ್ನು ಬಿಟ್ಟರೆ ಬೇರೆ ದಾಖಲೆಯಿಲ್ಲ.

ಮೂರು ಬಗೆಯವು ಹೆಚ್ಚು ಸಿಗುತ್ತವೆ. ಮೊದಲನೆಯದು ದಪ್ಪನೆಯ ಬಿಳಿ ಚಿಪ್ಪು; ಅದರ ಏಣುಗಳ ಮೇಲೆ ಮಣಿ ಪೋಣಿಸಿದಂತೆ ಗಂಟುಗಳಿವೆ. ಎರಡನೆಯದು ತ್ರಿಕೋನಾಕಾರದ್ದು, ಒಂದು ತುದಿ ಕೊಕ್ಕಿನಂತೆ ಚೂಪು, ಒಳಗೆ ನೇರಳೆ ಬಣ್ಣ. ಮೂರನೆಯದು ಅಂಗಿಯ ಗುಂಡಿಯಷ್ಟೇ ಇರುವ, ಹೊಳೆಯುವ ಚಪ್ಪಟೆ ಸುರುಳಿ. ಬಣ್ಣ ನೋಡಿ ಮಕ್ಕಳು ಇದನ್ನು ಹನ್ನೊಂದು ಜಾತಿಗಳಾಗಿ ವಿಂಗಡಿಸಿದ್ದಾರೆ. ಹಲವು ಚಿಪ್ಪುಗಳಲ್ಲಿ ಸೂಜಿಯಿಂದ ಕೊರೆದಂಥ ದುಂಡನೆಯ ತೂತಿದೆ. ಕೆಲವುಗಳ ಮೇಲೆ ಇತ್ತೀಚೆಗೆ ಬಿಳಿ ಪುಡಿ ಕಾಣಿಸಿಕೊಂಡಿದೆ. ತರಗತಿಯಲ್ಲಿ ತುಳು, ಮಲಯಾಳ, ಕೊಂಕಣಿ ಮನೆಮಾತಿನ ಮಕ್ಕಳಿರುವುದರಿಂದ ಯಾವ ಹೆಸರನ್ನು ಬರೆಯಬೇಕೆಂಬ ಪ್ರಶ್ನೆಯೂ ಎದ್ದಿದೆ. ದಯವಿಟ್ಟು ತಿಳಿದವರು ಹೇಳಿ.

ಉತ್ತರ: ಮಂಜೇಶ್ವರದ ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ

ಟೀಚರೇ, ನಿಮ್ಮ ವಿವರಣೆ ಸ್ಪಷ್ಟವಾಗಿರುವುದರಿಂದ ಮೂರನ್ನೂ ಬಹುಮಟ್ಟಿಗೆ ಹೇಳಬಹುದು. ಗಂಟುಗಳುಳ್ಳದ್ದರ ವೈಜ್ಞಾನಿಕ ಹೆಸರು ತೆಗಿಲ್ಲಾರ್ಕಾ ಗ್ರನೋಸಾ. ಇದರ ರಕ್ತದಲ್ಲಿ ನಮ್ಮಂತೆಯೇ ಹೀಮೋಗ್ಲೋಬಿನ್ ಇರುವುದರಿಂದ ಜೀವಂತ ಪ್ರಾಣಿಯ ಮಾಂಸ ಕೆಂಪಾಗಿ ಕಾಣುತ್ತದೆ. ಏಣುಗಳನ್ನು ಎಣಿಸಿ ನೋಡಿ: ಹದಿನೆಂಟರ ಆಸುಪಾಸಿನಲ್ಲಿದ್ದರೆ ಇದೇ, ಮೂವತ್ತನ್ನು ದಾಟಿದರೆ ಇದರ ಬಂಧುವಾದ ಬೇರೊಂದು ಜಾತಿ. ನೇರಳೆ ಬಣ್ಣದ ತ್ರಿಕೋನವನ್ನು ಡೋನಾಕ್ಸ್ ಸ್ಕಾರ್ಟಮ್ ಎಂದು ಕರೆಯುತ್ತಾ ಬಂದಿದ್ದಾರೆ. ಗುಂಡಿಯಂಥದ್ದು ಅಂಬೋನಿಯಂ ವೆಸ್ಟಿಯೇರಿಯಂ. ಮಕ್ಕಳ ಹನ್ನೊಂದು ಜಾತಿಗಳೂ ಬಹುಶಃ ಇದೊಂದೇ. ಒಂದೇ ಹಿಡಿ ಮರಳಿನಲ್ಲಿ ಗುಲಾಬಿ, ಬೂದು, ಹಳದಿ, ಪಟ್ಟೆಯುಳ್ಳವು ಎಲ್ಲವೂ ಸಿಗುತ್ತವೆ. ಆದ್ದರಿಂದ ಬಣ್ಣವನ್ನು ಕೊನೆಗೆ ನೋಡುವುದು ಒಳ್ಳೆಯದು. ಸುರುಳಿಯಲ್ಲಿ ಬಾಯಿಯ ಆಕಾರವನ್ನೂ ಸುತ್ತುಗಳ ಸಂಖ್ಯೆಯನ್ನೂ, ಎರಡು ಹೋಳಿನ ಚಿಪ್ಪಿನಲ್ಲಿ ಕೀಲಿನ ಹಲ್ಲುಗಳನ್ನೂ ಒಳಗಿನ ಸ್ನಾಯುವಿನ ಗುರುತುಗಳನ್ನೂ ಮೊದಲು ನೋಡಬೇಕು.

ತೂತನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ. ಅಂಚು ಹೊರಗೆ ಅಗಲವಾಗಿ ಒಳಗೆ ಕಿರಿದಾಗುತ್ತಾ ಬಟ್ಟಲಿನಂತಿದ್ದರೆ ಅದು ನ್ಯಾಟಿಕಾ ಕುಟುಂಬದ ಬಸವನಹುಳು ಕೊರೆದದ್ದು. ಗೋಡೆ ನೇರವಾಗಿದ್ದರೆ ಸಾಮಾನ್ಯವಾಗಿ ಮ್ಯೂರೆಕ್ಸ್ ಕುಟುಂಬದ್ದು. ಬೇಟೆಗಾರ ಹುಳು ಆಮ್ಲೀಯ ಸ್ರಾವದಿಂದ ಚಿಪ್ಪನ್ನು ಮೆದುಗೊಳಿಸುತ್ತದೆ, ಬಾಯಿಯೊಳಗಿನ ಹಲ್ಲುಪಟ್ಟಿಯಿಂದ ಕೆರೆಯುತ್ತದೆ, ಆಮೇಲೆ ಒಳಗಿನ ಮಾಂಸವನ್ನು ತಿನ್ನುತ್ತದೆ. ಅರ್ಧ ಕೊರೆದು ಬಿಟ್ಟ ಚಿಪ್ಪುಗಳೂ ಇರುತ್ತವೆ. ಸಿಕ್ಕಿದರೆ ಅವನ್ನು ಬೇರೆಯಾಗಿ ತೆಗೆದಿಡಿ, ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಬಿಳಿ ಪುಡಿಗೆ ನಿಮ್ಮ ಪೆಟ್ಟಿಗೆಯೇ ಕಾರಣವಿರಬೇಕು. ರಟ್ಟು ಮತ್ತು ಮರದಿಂದ ಹೊರಡುವ ಆಮ್ಲದ ಆವಿ ಚಿಪ್ಪಿನ ಸುಣ್ಣದೊಂದಿಗೆ ಸೇರಿ ಲವಣವಾಗುತ್ತದೆ. ಇದಕ್ಕೆ ಬೈನ್ ರೋಗವೆಂದು ಹೆಸರು, ಆದರೆ ಸೂಕ್ಷ್ಮಾಣುವಿನ ಪಾತ್ರ ಇದರಲ್ಲಿಲ್ಲ. ತೇವವಿದ್ದಾಗ ಹೆಚ್ಚುತ್ತದೆ, ನಮ್ಮ ಮಳೆಗಾಲವಂತೂ ಅದಕ್ಕೆ ಹೇಳಿ ಮಾಡಿಸಿದ್ದು. ಒಮ್ಮೆ ಹಾಳಾದ ಮೇಲ್ಮೈ ಮರಳಿ ಬರುವುದಿಲ್ಲ. ಚಿಪ್ಪುಗಳನ್ನು ಸಿಹಿನೀರಿನಲ್ಲಿ ಒಂದೆರಡು ದಿನ ನೆನೆಸಿ, ಉಪ್ಪು ತೆಗೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಗಾಜಿನ ಭರಣಿಗೆ ಹಾಕಿ.

ಉತ್ತರ: ಕಾಸರಗೋಡು ಕಡಪ್ಪುರದ ಮೀನುಗಾರ ಮನೆತನದವರು

ಹೆಸರಿಗಿಂತಲೂ ಸಿಕ್ಕಿದ ಜಾಗ ಮತ್ತು ದಿನಾಂಕವನ್ನು ಬರೆಯುವುದು ಮುಖ್ಯವೆಂದು ನನ್ನ ಅನುಭವ. ಹೆಸರು ತಪ್ಪಾದರೆ ಚಿಪ್ಪನ್ನು ನೋಡಿ ಯಾರಾದರೂ ನಾಳೆ ತಿದ್ದಬಹುದು. ಜಾಗ ಮರೆತುಹೋದರೆ ಚಿಪ್ಪು ಅದನ್ನು ಹೇಳುವುದಿಲ್ಲ. ನಾನು ಹುಡುಗನಾಗಿದ್ದಾಗ ಕೂಡಿಟ್ಟ ಒಂದು ಡಬ್ಬಿ ಇಂದಿಗೂ ಮನೆಯಲ್ಲಿದೆ. ಅದರಲ್ಲಿ ಬೇಕಲದ್ದು ಯಾವುದು, ಅಪ್ಪನ ಬಲೆಯಲ್ಲಿ ಬಂದದ್ದು ಯಾವುದು ಎಂದು ಈಗ ನನಗೇ ತಿಳಿಯುವುದಿಲ್ಲ.

ಬಲೆಯ ವಿಷಯವನ್ನು ವಿಶೇಷವಾಗಿ ಗಮನಿಸಿ. ದೋಣಿ ನಿಲ್ಲುವ ಕಡೆ ಬಲೆ ಕೊಡವುವಾಗ ಬೀಳುವ ಮುಳ್ಳು ಶಂಖಗಳು ದೂರದ, ಆಳದ ನೀರಿನವು. ಅವನ್ನು ದಡದ ವಾಸಿಗಳೆಂದು ದಾಖಲಿಸಿದರೆ ಪಟ್ಟಿಯೇ ತಪ್ಪಾಗುತ್ತದೆ. ಖಾಲಿ ಚಿಪ್ಪಿನೊಳಗೆ ವಾಸಿಸುವ ಸನ್ಯಾಸಿ ಏಡಿ ಹೊತ್ತು ತಂದ ಚಿಪ್ಪಿಗೂ ಹಾಗೆಯೇ ಪ್ರತ್ಯೇಕ ಗುರುತು ಹಾಕಿ, ಏಡಿ ಒಳಗಿದ್ದರೆ ಅಲ್ಲಿಯೇ ಬಿಟ್ಟುಬಿಡಿ. ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ನಾಲ್ಕು ಸ್ಥಾನದವರೆಗೆ ಬರೆದುಕೊಂಡರೆ ಸುಮಾರು 11 ಮೀಟರಿನ ಒಳಗೆ ಜಾಗ ನಿಖರವಾಗುತ್ತದೆ. ಪ್ರವಾಸಿ ಅಂಗಡಿಯಿಂದ ಯಾರಾದರೂ ತಂದುಕೊಟ್ಟದ್ದನ್ನು ಸೇರಿಸಬೇಡಿ. ಅದು ನಮ್ಮ ಕಡಲಿನದ್ದೆಂಬ ಖಾತರಿಯಿಲ್ಲ, ಅಲ್ಲದೆ ಸುರುಳಿ ಚಿಪ್ಪಿನ ನಾಟಿಲಸ್, ದೈತ್ಯ ಕಪ್ಪೆಚಿಪ್ಪಾದ ಟ್ರೈಡಕ್ನಾದಂಥವಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಮನೆಮಾತಿನ ಹೆಸರುಗಳನ್ನು ಎಲ್ಲವನ್ನೂ ಬರೆಯಿರಿ. ನಾವು ತುಳುವಿನಲ್ಲಿ ಮರುವಾಯಿ ಎನ್ನುವ, ತಿನ್ನುವ ಕಪ್ಪೆಚಿಪ್ಪನ್ನು ಕೊಂಕಣಿಯವರು ಖುಬೆ ಎನ್ನುತ್ತಾರೆ, ಮಲಯಾಳದಲ್ಲಿ ಕಕ್ಕ. ಬಂಡೆಗೆ ಅಂಟಿಕೊಳ್ಳುವ ಹಸಿರು ಚಿಪ್ಪಾದ ಪಚ್ಚಿಲೆಗೆ ಮಲಯಾಳದವರು ಕಲ್ಲುಮ್ಮಕ್ಕಾಯ ಎನ್ನುತ್ತಾರೆ. ಆದರೆ ಮರುವಾಯಿ ಎಂಬ ಒಂದೇ ಮಾತಿನೊಳಗೆ ಹಲವು ಜಾತಿಗಳು ಬರುವುದರಿಂದ, ಹೆಸರು ಹೇಳಿದವರ ಊರನ್ನೂ ಪಕ್ಕದಲ್ಲಿ ಸೇರಿಸುವುದು ಒಳ್ಳೆಯದು.

ಮರುಪ್ರಶ್ನೆ: ಅಧ್ಯಾಪಕಿ

ಇಬ್ಬರಿಗೂ ಕೃತಜ್ಞತೆಗಳು. ಇವತ್ತು ಮಕ್ಕಳು ಏಣು ಎಣಿಸಿದರು. ಇಪ್ಪತ್ತಾರು ಚಿಪ್ಪುಗಳಲ್ಲಿ ನಾಲ್ಕರಲ್ಲಿ ಮಾತ್ರ ಮೂವತ್ತಕ್ಕಿಂತ ಹೆಚ್ಚು ಬಂತು, ಅವಕ್ಕೆ ಬೇರೆ ಭರಣಿ ಇಟ್ಟಿದ್ದೇವೆ. ಜಾಗ ಬರೆಯದೆ ಉಳಿದ ಮೊದಲ ವರ್ಷದ ಚಿಪ್ಪುಗಳನ್ನು ಎಸೆಯಬೇಕೇ?

ಉತ್ತರ: ಮಂಜೇಶ್ವರದ ಉಪನ್ಯಾಸಕ

ಎಸೆಯಬೇಡಿ. ಚೀಟಿಯಲ್ಲಿ ‘ಶಿರಿಯ ಅಳಿವೆ ಮತ್ತು ಕೊಯಿಪಾಡಿಯ ನಡುವೆ, ನಿಖರ ಜಾಗ ದಾಖಲಾಗಿಲ್ಲ’ ಎಂದು ಬರೆದು ವರ್ಷವನ್ನು ನಮೂದಿಸಿ. ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಆ ಚಿಪ್ಪುಗಳನ್ನು ಹೋಲಿಕೆಗೆ ಬಳಸಬಹುದು, ಯಾವ ಜಾತಿ ಎಲ್ಲಿ ಸಿಗುತ್ತದೆಂಬ ಪಟ್ಟಿಗೆ ಮಾತ್ರ ಸೇರಿಸಬಾರದು.